ಬೆರಳಿಗೊಂದು ಟೊಪ್ಪಿ ಬೇಕೆ?

ಪ್ರಶ್ನೆ: ನನ್ನ ಮಗಳು ಬೆರಳ ತುದಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಸಿಲಿಕೋನ್ ಟೊಪ್ಪಿಗಳನ್ನು ತರಿಸಿದ್ದಾಳೆ. ಕ್ರೀಮು, ಸನ್‌ಸ್ಕ್ರೀನ್, ಫೌಂಡೇಶನ್ ಎಲ್ಲವನ್ನೂ ಅದರಲ್ಲೇ ಹಚ್ಚಿಕೊಳ್ಳುತ್ತಾಳೆ. ಕೈ ಕೊಳೆಯಾಗುವುದಿಲ್ಲ, ಕ್ರೀಮು ಉಳಿಯುತ್ತದೆ, ಮುಖಕ್ಕೆ ಸೋಂಕು ತಗಲುವುದಿಲ್ಲ ಎನ್ನುತ್ತಾಳೆ. ಬೆರಳಿಗಿಂತ ಅದು ನಿಜಕ್ಕೂ ಒಳ್ಳೆಯದೇ? ನನಗೂ ಒಂದು ಜೊತೆ ತರಿಸುತ್ತೇನೆ ಎನ್ನುತ್ತಿದ್ದಾಳೆ. ಬೇಡವೆನ್ನಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ಮೂರು ಮಾತುಗಳಲ್ಲಿ ಮೊದಲನೆಯದು ಪೂರ್ತಿ ನಿಜ, ಎರಡನೆಯದು ಅರ್ಧ ನಿಜ. ಮೂರನೆಯದು ನಿಜವೋ ಸುಳ್ಳೋ ಎಂಬುದು ಅವಳು ಆ ಟೊಪ್ಪಿಯನ್ನು ತೊಳೆಯುತ್ತಾಳೋ ಇಲ್ಲವೋ ಎಂಬುದರ ಮೇಲಿದೆ.

ಬೆರಳಿಗೆ ಟೊಪ್ಪಿ ಹಾಕುವುದೇನೂ ಹೊಸ ವಿಚಾರವಲ್ಲ. ದರ್ಜಿ ಸೂಜಿ ಚುಚ್ಚದಿರಲೆಂದು ಲೋಹದ್ದನ್ನು ಹಾಕುತ್ತಾನೆ, ಬ್ಯಾಂಕಿನ ಕ್ಯಾಷಿಯರ್ ನೋಟು ಎಣಿಸಲು ರಬ್ಬರಿನದನ್ನು ಹಾಕುತ್ತಾರೆ. ಎರಡರಲ್ಲೂ ಬರಿ ಬೆರಳಿಗೆ ಆಗದ ಕೆಲಸವೊಂದಿದೆ: ಒಂದು ಕಡೆ ಚುಚ್ಚನ್ನು ತಡೆಯಬೇಕು, ಇನ್ನೊಂದು ಕಡೆ ಒಣಗಿದ ಬೆರಳಿಗೆ ಇಲ್ಲದ ಹಿಡಿತ ಬೇಕು. ಮುಖಕ್ಕೆ ಕ್ರೀಮು ಹಚ್ಚುವಾಗ ಬರಿ ಬೆರಳಿಗೆ ಆಗದ್ದು ಏನು? ಅದಕ್ಕೆ ಮೊದಲು, ಆಗುವುದು ಏನು ಎಂದು ನೋಡೋಣ. ಅದೇ ದೊಡ್ಡ ಪಟ್ಟಿ.

ಮೊದಲನೆಯದು ಶಾಖ. ನಿಮ್ಮೂರಲ್ಲಿ ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬಿಳಿ ಗಟ್ಟಿಯಾಗಿ ಕುಳಿತಿರುತ್ತದಲ್ಲ, ಬೆರಳಿನಲ್ಲಿ ಕೆರೆದು ಅಂಗೈಗೆ ಹಾಕಿಕೊಂಡರೆ ಕ್ಷಣದಲ್ಲಿ ನೀರಾಗುತ್ತದೆ. ಅದು ಕರಗಲು ಬೇಕಾದದ್ದು ಸುಮಾರು 24 ಡಿಗ್ರಿ ಸೆಲ್ಸಿಯಸ್, ಬೆರಳು ಅದಕ್ಕಿಂತ ಬಿಸಿ. ಕಣ್ಣಿನ ಕೆಳಗಿನ ಕಪ್ಪು ಮುಚ್ಚುವ ಕನ್ಸೀಲರ್, ತುಟಿಯ ಬಾಮ್, ಕೆನ್ನೆಗೆ ಹಚ್ಚುವ ಕ್ರೀಮ್ ಬ್ಲಶ್ ಇವೆಲ್ಲ ಮೇಣ ಮತ್ತು ಕೊಬ್ಬು ಸೇರಿಸಿ ಮಾಡಿದವು. ಬೆರಳ ಬಿಸಿಗೆ ಅವು ಸಡಿಲಾಗಿ ಚರ್ಮದ ಮೇಲೆ ತೆಳುವಾಗಿ ಹರಡುತ್ತವೆ. ಸಿಲಿಕೋನ್ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ. ಬಿಸಿ ಪಾತ್ರೆ ಹಿಡಿಯಲು ಅಡುಗೆಮನೆಯಲ್ಲಿ ಅದರ ಕೈಗವಸು ಬಳಸುವುದು ಅದಕ್ಕೇ.

ಎರಡನೆಯದು ಸ್ಪರ್ಶ. ಬೆರಳ ತುದಿಯ ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ ಸುಮಾರು 240 ಸ್ಪರ್ಶ ನರತಂತುಗಳು ಬಂದು ಸೇರುತ್ತವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 1979ರಲ್ಲಿ ಲೆಕ್ಕ ಹಾಕಿದರು. ಅಂಕಿ ಬೇಸರವಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪೇಪರ್ ಕ್ಲಿಪ್ಪನ್ನು ಬಿಡಿಸಿ ಎರಡು ತುದಿಗಳನ್ನು ಮೂರು ಮಿಲಿಮೀಟರ್ ಅಂತರದಲ್ಲಿ ಹಿಡಿದು, ಕಣ್ಣು ಮುಚ್ಚಿದ ಮಗಳ ಬೆರಳ ತುದಿಗೆ ಮೆಲ್ಲಗೆ ತಾಗಿಸಿ. ಎರಡು ಚುಕ್ಕಿ ಎನ್ನುತ್ತಾಳೆ. ಮುಂಗೈಗೆ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗಕ್ಕೆ ತಾಗಿಸಿದರೆ ಒಂದೇ ಎನ್ನುತ್ತಾಳೆ. ಅಲ್ಲಿ ಎರಡೆಂದು ತಿಳಿಯಲು ಮೂರು ನಾಲ್ಕು ಸೆಂಟಿಮೀಟರ್ ಅಂತರ ಬೇಕು. ಇನ್ನು ಟೊಪ್ಪಿ ಹಾಕಿದ ಬೆರಳಿಗೆ ತಾಗಿಸಿ. ಆಗ ಅವಳು ಕೊಡುವ ಉತ್ತರಕ್ಕೂ ಬರಿ ಬೆರಳಿನ ಉತ್ತರಕ್ಕೂ ಇರುವ ವ್ಯತ್ಯಾಸವೇ ಆ ಟೊಪ್ಪಿಗೆ ಅವಳು ತೆತ್ತ ನಿಜವಾದ ಬೆಲೆ.

ಇದು ಕುತೂಹಲದ ಮಾತಷ್ಟೇ ಅಲ್ಲ. ಎಲ್ಲಿ ಒಣಗಿದೆ, ಎಲ್ಲಿ ಕ್ರೀಮು ಗುಪ್ಪೆಯಾಗಿದೆ, ಎಲ್ಲಿ ಸಣ್ಣ ಗುಳ್ಳೆ ಏಳುತ್ತಿದೆ ಎಂದು ಕನ್ನಡಿಗಿಂತ ಮೊದಲು ಹೇಳುವುದು ಬೆರಳು. ದೃಷ್ಟಿಯಿಲ್ಲದ ಎಷ್ಟೋ ಹೆಣ್ಣುಮಕ್ಕಳು ಕನ್ನಡಿಯ ಗೊಡವೆಯಿಲ್ಲದೆ ಬೆರಳಿನಿಂದಲೇ ಅಚ್ಚುಕಟ್ಟಾಗಿ ಮೇಕಪ್ ಮಾಡಿಕೊಳ್ಳುತ್ತಾರೆ. ಅವರ ಬೆರಳಿಗೆ ಟೊಪ್ಪಿ ಹಾಕುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಇನ್ನೊಂದು ಮಾತು: ಸ್ಪರ್ಶ ಮಂಕಾದರೆ ಕೈ ತಾನಾಗಿಯೇ ಹೆಚ್ಚು ಒತ್ತುತ್ತದೆ. ದಪ್ಪ ಕೈಗವಸು ಹಾಕಿ ಲೋಟ ಹಿಡಿದು ನೋಡಿ, ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿದಿರುತ್ತೀರಿ. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ತೀರಾ ತೆಳುವಾದದ್ದು. ಅದರ ಸುತ್ತಮುತ್ತ ಉಂಗುರ ಬೆರಳನ್ನೇ ಬಳಸಿ ಎಂದು ಮೇಕಪ್ ಕಲಿಸುವವರು ಹೇಳುವುದು ಆ ಬೆರಳಿಗೆ ಒತ್ತುವ ಬಲ ಕಡಿಮೆ ಎಂಬ ಕಾರಣಕ್ಕೆ. ನಮ್ಮ ಕಡೆ ಹಣೆಗೆ ಮೇಣ ಸವರಿ ಕುಂಕುಮ ಇಡುತ್ತಿದ್ದುದೂ ಅದೇ ಬೆರಳಿನಲ್ಲಿ.

ಮೂರನೆಯದು ಅಳತೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕ್ರೀಮು ಉಳಿಯುತ್ತದೆ ಎಂಬ ನಿಮ್ಮ ಮಗಳ ಮಾತು ಇಲ್ಲಿ ಎಡವುತ್ತದೆ. 1991ರಲ್ಲಿ ಬ್ರಿಟನ್ನಿನ ಚರ್ಮವೈದ್ಯರಾದ ಲಾಂಗ್ ಮತ್ತು ಫಿನ್ಲೇ ‘ಬೆರಳ ತುದಿಯ ಅಳತೆ’ ಎಂಬುದನ್ನು ರೂಢಿಗೆ ತಂದರು. ಐದು ಮಿಲಿಮೀಟರ್ ಬಾಯಿಯ ಟ್ಯೂಬಿನಿಂದ ತೋರುಬೆರಳಿನ ತುದಿಯ ಗೆಣ್ಣಿನ ಗೆರೆಯಿಂದ ತುದಿಯವರೆಗೆ ಒಂದು ಎಳೆ ಮುಲಾಮು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಹೆಂಗಸರ ಬೆರಳಿನಲ್ಲಿ ಸ್ವಲ್ಪ ಕಡಿಮೆ. ಅದು ಎರಡು ಹಸ್ತದಷ್ಟು ಜಾಗಕ್ಕೆ ಸಾಕು, ಮುಖ ಮತ್ತು ಕತ್ತಿಗೆ ಅಂಥ ಎರಡೂವರೆ ಎಳೆ. ವೈದ್ಯರು ಬರೆದುಕೊಟ್ಟ ಮುಲಾಮನ್ನು ‘ತೆಳುವಾಗಿ ಹಚ್ಚಿ’ ಎಂದರೆ ಒಬ್ಬೊಬ್ಬರು ಒಂದೊಂದು ತೆರನಾಗಿ ಹಚ್ಚುತ್ತಾರೆ. ಬೆರಳ ಲೆಕ್ಕದಲ್ಲಿ ಹೇಳಿದರೆ ಗೊಂದಲವಿಲ್ಲ.

ಸನ್‌ಸ್ಕ್ರೀನಿಗೂ ಹೀಗೆಯೇ ಒಂದು ಲೆಕ್ಕವಿದೆ. ತೋರುಬೆರಳು ಮತ್ತು ನಡುಬೆರಳಿನ ಪೂರ್ತಿ ಉದ್ದಕ್ಕೆ ಎರಡು ಎಳೆ ಹಿಂಡಿದರೆ ಮುಖ, ಕತ್ತಿಗೆ ಬೇಕಾದಷ್ಟು. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿಯನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಪ್ರತಿ ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚಿ. ನಾವೆಲ್ಲ ಸಾಮಾನ್ಯವಾಗಿ ಹಚ್ಚುವುದು ಅದರ ಕಾಲುಭಾಗದಿಂದ ಅರ್ಧದಷ್ಟು ಮಾತ್ರ. ಆದ್ದರಿಂದ ಟೊಪ್ಪಿಯಿಂದ ಸನ್‌ಸ್ಕ್ರೀನ್ ಉಳಿಯಿತು ಎಂದು ಯಾರಾದರೂ ಸಂತೋಷಪಟ್ಟರೆ, ಉಳಿದದ್ದು ಮುಖದ ಮೇಲೆ ಇರಬೇಕಾಗಿದ್ದ ಪಾಲೇ ಇರಬಹುದು. ಮಗಳಿಗೆ ಹೇಳಿ: ಎಡಗೈಯ ಬರಿ ಬೆರಳ ಮೇಲೆ ಮೊದಲು ಅಳೆದುಕೊಳ್ಳಲಿ, ಆಮೇಲೆ ಬಲಗೈಯ ಟೊಪ್ಪಿಯಲ್ಲಿ ತೆಗೆದು ಹಚ್ಚಲಿ.

ಹಾಗಾದರೆ ಅರ್ಧ ನಿಜ ಎಂದದ್ದು ಯಾವುದು? ಅದಕ್ಕೆ ಸ್ಪಂಜಿನ ಕತೆ ಹೇಳಬೇಕು. ಲಾಸ್ ಏಂಜಲೀಸಿನ ಮೇಕಪ್ ಕಲಾವಿದೆ ರೀ ಆನ್ ಸಿಲ್ವಾ ಈ ಶತಮಾನದ ಆರಂಭದಲ್ಲಿ ‘ಗರ್ಲ್‌ಫ್ರೆಂಡ್ಸ್’ ಎಂಬ ಟಿವಿ ಧಾರಾವಾಹಿಯಲ್ಲಿ ಕೆಲಸ ಮಾಡುತ್ತಿದ್ದರು. ಹೈ ಡೆಫಿನಿಷನ್ ಕ್ಯಾಮೆರಾ ಬಂದು ಮುಖದ ಮೇಲಿನ ಒಂದೊಂದು ಗೆರೆಯೂ ಕಾಣತೊಡಗಿದಾಗ ಅವರು ಮುಕ್ಕೋನದ ಸ್ಪಂಜಿನ ಅಂಚುಗಳನ್ನು ಕತ್ತರಿಯಲ್ಲಿ ಸವರಿ ಮೊಟ್ಟೆಯಾಕಾರ ಮಾಡಿಕೊಂಡರು. ಅಂಚಿಲ್ಲದಿದ್ದರೆ ಗೆರೆ ಬೀಳುವುದಿಲ್ಲ. ಈಗ ಎಲ್ಲರ ಮೇಕಪ್ ಡಬ್ಬಿಯಲ್ಲೂ ಇರುವ ಬ್ಯೂಟಿಬ್ಲೆಂಡರ್ ಹುಟ್ಟಿದ್ದು ಹಾಗೆ. ಅದರದು ಒಂದೇ ದುರಭ್ಯಾಸ: ಕುಡಿಯುತ್ತದೆ. ನೀರಲ್ಲಿ ಅದ್ದಿ ಹಿಂಡಿ ಬಳಸಿ ಎನ್ನುವುದೂ ಅದಕ್ಕೇ, ಹೊಟ್ಟೆಯಲ್ಲಿ ಮೊದಲೇ ನೀರು ತುಂಬಿದ್ದರೆ ಫೌಂಡೇಶನ್ ಕಡಿಮೆ ಕುಡಿಯುತ್ತದೆ.

2016ರ ಕೊನೆಯಲ್ಲಿ ಇದಕ್ಕೆ ಎದುರಾಗಿ ಸಿಲಿಸ್ಪಾಂಜ್ ಎಂಬ ಪಾರದರ್ಶಕ ಸಿಲಿಕೋನ್ ದಿಂಬು ಬಂದು ಜಗತ್ತಿನ ಫೋನುಗಳಲ್ಲೆಲ್ಲ ಕುಣಿಯಿತು. ಒಂದು ಹನಿಯನ್ನೂ ಕುಡಿಯುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಆದರೆ ಕುಡಿಯದ್ದಕ್ಕೆ ಹೆಚ್ಚಾದದ್ದನ್ನು ಎತ್ತಿಕೊಳ್ಳಲೂ ಬರುವುದಿಲ್ಲ. ಹನಿ ಮುಖದ ಮೇಲೆ ಅತ್ತಿಂದಿತ್ತ ಜಾರುತ್ತದೆ, ಅಂಚುಗಳಲ್ಲಿ ಗೆರೆ ನಿಲ್ಲುತ್ತದೆ. ಸ್ಪಂಜು ಕಳ್ಳನಾದರೂ ಕೆಲಸಗಾರ. ಈ ದಿಂಬು ಪ್ರಾಮಾಣಿಕ, ಕೆಲಸ ಮಾತ್ರ ಅಷ್ಟಕ್ಕಷ್ಟೆ. ನಿಮ್ಮ ಮಗಳ ಟೊಪ್ಪಿ ಅದರದೇ ಕುಲ. ಸ್ಪಂಜಿನ ಎದುರು ಅದು ಕ್ರೀಮು ಉಳಿಸುವುದು ನಿಜ, ಬೆರಳಿನ ಎದುರು ಉಳಿಸುವುದು ಬಹಳ ಕಡಿಮೆ. ಬೆರಳಿಗೆ ಅಂಟಿದ್ದನ್ನು ಕತ್ತಿಗೋ ಮುಂಗೈಗೋ ಒರೆಸಿಕೊಂಡರೆ ಅಷ್ಟೂ ನಿಮ್ಮದೇ.

ಬೆರಳಿಗೆ ತೊಡುವುದರಲ್ಲೇ ಇನ್ನೊಂದು ಜಾತಿಯಿದೆ, ಚಿಕ್ಕ ಮೆತ್ತೆಯ ಪಫ್. ಕೊರಿಯಾದ ಅಮೋರ್‌ಪೆಸಿಫಿಕ್ ಕಂಪನಿ 2008ರಲ್ಲಿ ಕುಶನ್ ಡಬ್ಬಿಯನ್ನು ತಂದಿತು. ಪಾರ್ಕಿಂಗ್ ಚೀಟಿಗೆ ಹೊಡೆಯುವ ಮೊಹರಿನ ಶಾಯಿಮೆತ್ತೆ ನೋಡಿ ಹೊಳೆದ ಉಪಾಯವಂತೆ. ಡಬ್ಬಿಯೊಳಗಿನ ಮೆತ್ತೆಗೆ ಒತ್ತಿ ಮುಖಕ್ಕೆ ತಟ್ಟುವ ಪಫ್ಫಿನ ಬೆನ್ನಿಗೆ ಬೆರಳು ತೂರಿಸಲು ಒಂದು ಪಟ್ಟಿ. ಅದೇ ಕುಗ್ಗುತ್ತ ಬಂದು ಈಗ ಒಂದೇ ಬೆರಳಿಗೆ ಕೂರುವಷ್ಟಾಗಿದೆ. ಫೌಂಡೇಶನ್, ಪೌಡರಿಗೆ ನನ್ನ ಮತ ಸಿಲಿಕೋನಿಗಲ್ಲ, ಈ ಮೆತ್ತೆಗೆ. ಮೂಗಿನ ಪಕ್ಕದ ಮೂಲೆಗೆ ಅದರಷ್ಟು ಚೆನ್ನಾಗಿ ಹೋಗುವುದು ಬೇರೊಂದಿಲ್ಲ.

ಈಗ ಸೋಂಕಿನ ಮಾತು. ನಿಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಇದೆಯಷ್ಟೇ? ಅದಕ್ಕೆ ಒದ್ದೆ ಕೈ ಹಾಕಿದವರನ್ನು ಯಾವ ಅಜ್ಜಿಯೂ ಸುಮ್ಮನೆ ಬಿಟ್ಟದ್ದಿಲ್ಲ. ಅಗಲ ಬಾಯಿಯ ಕ್ರೀಮಿನ ಡಬ್ಬಿಯೂ ಭರಣಿಯೇ. ಉಗುರಿನ ಸಂದಿಯ ಕೊಳೆ, ಕೈಯ ತೇವ ಒಳಗೆ ಹೋದರೆ ಸೂಕ್ಷ್ಮಜೀವಿಗಳಿಗೆ ಔತಣ. ಅಷ್ಟರಮಟ್ಟಿಗೆ ಒಣಗಿದ ಶುಭ್ರ ಟೊಪ್ಪಿ ಬೆರಳಿಗಿಂತ ಮೇಲು, ಒಂದು ಒಣ ಚಮಚ ಇನ್ನೂ ಮೇಲು. ಆದರೆ ಬೆರಳಿಗೆ ಒಂದು ಅನುಕೂಲವಿದೆ: ಅಡುಗೆಗೆ, ಊಟಕ್ಕೆ, ಪೂಜೆಗೆ ಎಂದು ದಿನಕ್ಕೆ ಹತ್ತು ಸಲ ತೊಳೆಸಿಕೊಳ್ಳುತ್ತದೆ. ಟೊಪ್ಪಿಯನ್ನು ಯಾರು ತೊಳೆಯುತ್ತಾರೆ? ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಜನ ಬಳಸುತ್ತಿದ್ದ ಮೇಕಪ್ ಸಾಮಗ್ರಿಗಳನ್ನು ಪರೀಕ್ಷಿಸಿದಾಗ ಬ್ಲೆಂಡರ್ ಸ್ಪಂಜುಗಳಲ್ಲಿ ಶೇ 93ರಷ್ಟು ಒಮ್ಮೆಯೂ ತೊಳೆಸಿಕೊಂಡಿರಲಿಲ್ಲ, ಶೇ 64ರಷ್ಟು ನೆಲಕ್ಕೆ ಬಿದ್ದೆದ್ದು ಮತ್ತೆ ಮುಖಕ್ಕೆ ಹೋಗಿದ್ದವು.

ಟೊಪ್ಪಿಯ ಒಳಮೈ ಇನ್ನೂ ಮರೆಯಾಗುವ ಜಾಗ. ಅಂಗೈ ಮತ್ತು ಬೆರಳ ತುದಿಯ ಚರ್ಮದಲ್ಲಿ ಎಣ್ಣೆಗ್ರಂಥಿಗಳೇ ಇಲ್ಲ, ಬೆವರುಗ್ರಂಥಿಗಳು ಮಾತ್ರ ಕಿಕ್ಕಿರಿದಿವೆ. ಐದು ನಿಮಿಷ ಹಾಕಿ ತೆಗೆದರೆ ಒಳಗೆ ಪಸೆ. ಹಾಗೇ ಡ್ರಾಯರಿಗೆ ಎಸೆದರೆ, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ, ಏನಾಗುತ್ತದೆಂದು ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ಕಂಡ ನಿಮಗೆ ನಾನು ಹೇಳಬೇಕಿಲ್ಲ. ಪ್ರತಿ ಸಲ ಒಳಹೊರಗು ತಿರುಗಿಸಿ ಸೋಪಿನಲ್ಲಿ ತೊಳೆದು, ಗಾಳಿಗೆ ಒಣಗಿಸಬೇಕು. ಪೂರ್ತಿ ಸಿಲಿಕೋನಿನದಾದರೆ ಮಗುವಿನ ಬಾಟಲಿಯ ನಿಪ್ಪಲಿನಂತೆ ಆಗಾಗ ಕುದಿಸಬಹುದು. ಮೆತ್ತೆಯನ್ನು ಅಂಟಿಸಿದ್ದಾದರೆ ಕುದಿಸಬೇಡಿ, ಅಂಟು ಬಿಡುತ್ತದೆ. ಮತ್ತೆ, ಒಬ್ಬರದು ಒಬ್ಬರಿಗೆ ಮಾತ್ರ.

ಇಷ್ಟು ಹೇಳಿ ಬೇಡ ಎನ್ನುತ್ತೇನೆ ಅಂದುಕೊಂಡಿರಾ? ಇಲ್ಲ. ಬರಿ ಬೆರಳಿಗೆ ಆಗದ ಕೆಲಸಗಳು ಈಗ ಬಂದವು. ಉದ್ದ ಉಗುರು ಬಿಟ್ಟವರಿಗೆ ಬೆರಳ ತುದಿಯೇ ಮುಖಕ್ಕೆ ತಾಗುವುದಿಲ್ಲ, ಅವರಿಗೆ ಟೊಪ್ಪಿ ಬೇಕು. ಕಾಡಿಗೆ, ಐಶ್ಯಾಡೋ ಮುಟ್ಟಿದ ಕೈಯಲ್ಲೇ ಸೀರೆಯ ನೆರಿಗೆ ಹಿಡಿಯಬೇಕಾದ ಮದುವೆಮನೆಯ ಅವಸರದಲ್ಲಿ ಬೇಕು. ನನ್ನದೊಂದು ಬಿಳಿ ರೇಷ್ಮೆ ಸೀರೆಯ ಸೆರಗಿನಲ್ಲಿ ಹನ್ನೆರಡು ವರ್ಷದಿಂದ ಒಂದು ಕಪ್ಪು ಹೆಬ್ಬೆಟ್ಟು ಹಾಗೇ ಇದೆ. ತುಟಿಯ ಅಂಚಿಗೆ ಏಳುವ ಹರ್ಪಿಸ್ ನೀರುಗುಳ್ಳೆಗೆ ಅಸೈಕ್ಲೋವಿರ್ ಮುಲಾಮು ಹಚ್ಚುವಾಗ ಬೆರಳ ಕವಚ ಅಥವಾ ಕೈಗವಸು ಹಾಕಿಕೊಳ್ಳಿ ಎಂದು ಔಷಧದ ಸೂಚನೆಯೇ ಹೇಳುತ್ತದೆ, ಇಲ್ಲವಾದರೆ ಸೋಂಕು ಬೆರಳಿನಿಂದ ಬೇರೆ ಕಡೆಗೂ ಹರಡೀತು. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಒಮ್ಮೆ ಬಳಸಿ ಎಸೆಯುವ ತೆಳು ಕವಚವೇ ಸರಿ. ರಬ್ಬರ್ ಹಾಲಿನ ಲ್ಯಾಟೆಕ್ಸ್ ಕೆಲವರಿಗೆ ಅಲರ್ಜಿ, ನೈಟ್ರೈಲ್ ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಹೆಚ್ಚಾಗಿ ಇದು ಬೇಕಾದದ್ದು ಜಾಹೀರಾತಿನಲ್ಲಿ ಎಂದೂ ಕಾಣದವರಿಗೆ ಎನ್ನಿಸುತ್ತದೆ. ಗಂಟುನೋವಿನಿಂದ ಬೆರಳು ಮಡಚಲಾಗದ ಹಿರಿಯರು ತೆಳ್ಳನೆಯ ಬ್ರಷ್ಷಿನ ಹಿಡಿಯನ್ನು ಚಿವುಟಿ ಹಿಡಿಯಲಾರರು. ಬೆರಳಿಗೆ ತೊಟ್ಟ ಮೆತ್ತೆಯನ್ನು ಹಿಡಿಯಬೇಕಾಗಿಯೇ ಇಲ್ಲ, ಬೆರಳು ಚಾಚಿದರೆ ಸಾಕು. ಮನೆಯಲ್ಲಿ ಅಂಥವರಿದ್ದರೆ ಮಗಳು ತರಿಸುವ ಜೊತೆಯಲ್ಲಿ ಒಂದನ್ನು ಅವರಿಗೆ ಕೊಟ್ಟು ನೋಡಿ. ನಿಮಗೆ? ಬರಲಿ ಬಿಡಿ. ಮುಖದ ಕ್ರೀಮಿಗೆ ನಿಮ್ಮ ಬೆರಳೇ ಇರಲಿ, ಟೊಪ್ಪಿ ಬಣ್ಣಕ್ಕೆ ಮತ್ತು ಮುಲಾಮಿಗೆ.

ನನ್ನ ಅಕ್ಕನ ಮಗಳು ಇಂಥದೇ ಒಂದು ಸೆಟ್ ತರಿಸಿ, ನಾಲ್ಕು ದಿನ ಬಳಸಿ ಮೂಲೆಗೆ ಹಾಕಿದ್ದಳು. ಹೋದ ಆಷಾಢದಲ್ಲಿ ಅಜ್ಜಿ ಗೋರಂಟಿ ಅರೆದು ಅವಳ ಹತ್ತು ಬೆರಳಿಗೂ ಟೊಪ್ಪಿ ಇಟ್ಟರು. ಹಾಸಿಗೆಗೆ ಹತ್ತದಿರಲೆಂದು ನಾವೆಲ್ಲ ಹಿಂದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆವು. ಇವಳು ಗೋರಂಟಿಯ ಟೊಪ್ಪಿಯ ಮೇಲೆ ಆ ಸಿಲಿಕೋನ್ ಟೊಪ್ಪಿಗಳನ್ನು ಒಂದೊಂದಾಗಿ ತೊಡಿಸಿಕೊಂಡು ಮಲಗಿದಳು. ತೇವ ಆರದೆ ಉಳಿದದ್ದಕ್ಕೋ ಏನೋ, ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗಿಂತ ಕೆಂಪಾಗಿದ್ದುದು ಅವಳ ಬೆರಳೇ.