ಕಾಲಗಣನೆಯಲ್ಲೊಂದು ಕೊರತೆ

ನೆರಳಿನ ಗಡಿಯಾರ, ಗಳಿಗೆ ಬಟ್ಟಲುಗಳ ಕಾಲದಿಂದಲೂ ಮಾನವನು ಹೊತ್ತನ್ನು ಅಳೆಯುತ್ತ ಬಂದಿದ್ದಾನೆ. ಗಳಿಗೆ ಬಟ್ಟಲು ತುಸು ತಪ್ಪಿದರೆ ಹೆಚ್ಚಿನ ಹಾನಿಯಿರಲಿಲ್ಲ. ಆದರೆ ಗಣಕಯಂತ್ರದ ಕಾಲಗಣನೆ ತಪ್ಪಿದರೆ ಏನಾಗಬಹುದೆಂಬುದನ್ನು 1991ರ ಒಂದು ದುರಂತವು ತೋರಿಸಿಕೊಟ್ಟಿತು.

ಆಗ ಕೊಲ್ಲಿ ಯುದ್ಧ ನಡೆಯುತ್ತಿತ್ತು. ಸೌದಿ ಅರೇಬಿಯದ ಧಹ್ರಾನ್ ನಗರದಲ್ಲಿ ಅಮೆರಿಕದ ಸೇನೆಯು 'ಪೇಟ್ರಿಯಟ್' ಎಂಬ ರಕ್ಷಣಾ ವ್ಯವಸ್ಥೆಯನ್ನು ಸ್ಥಾಪಿಸಿತ್ತು. ಶತ್ರುವಿನ ಕ್ಷಿಪಣಿಯನ್ನು ರೇಡಾರಿನಿಂದ ಗುರುತಿಸಿ, ಅದು ಮುಂದೆ ಎಲ್ಲಿ ಕಾಣಿಸಿಕೊಳ್ಳುವುದೆಂದು ಲೆಕ್ಕ ಹಾಕಿ, ಪ್ರತಿಕ್ಷಿಪಣಿಯಿಂದ ಆಗಸದಲ್ಲಿಯೇ ಅದನ್ನು ನಾಶಗೊಳಿಸುವುದು ಅದರ ಕಾರ್ಯ. ಈ ಲೆಕ್ಕಕ್ಕೆ ಕಾಲವೇ ಆಧಾರ.

ಆ ವ್ಯವಸ್ಥೆಯ ಗಡಿಯಾರವು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಒಂದರಂತೆ ಎಣಿಸುತ್ತಿತ್ತು. ಎಣಿಕೆಯನ್ನು ಸೆಕೆಂಡುಗಳಿಗೆ ಪರಿವರ್ತಿಸಲು ಅದನ್ನು ಹತ್ತನೆಯ ಒಂದರಿಂದ ಗುಣಿಸಬೇಕಾಗಿತ್ತು. ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು ಬರೆಯಹೊರಟರೆ 0.333 ಎಂದು ಅಂಕಿಗಳು ಕೊನೆಯಿಲ್ಲದೆ ಸಾಗುತ್ತವೆ. ಸೊನ್ನೆ ಮತ್ತು ಒಂದನ್ನು ಮಾತ್ರ ಬಲ್ಲ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗದ ಗತಿಯೂ ಅದೇ. ಯಂತ್ರವು 24 ಸ್ಥಾನಗಳಲ್ಲಿ ಹಿಡಿಯುವಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಕೈಬಿಡುತ್ತಿತ್ತು. ಹೀಗೆ ಪ್ರತಿಯೊಂದು ಎಣಿಕೆಗೂ ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಪಾಲು ಕೊರತೆ ಬೀಳುತ್ತಿತ್ತು.

ಹನಿಗೂಡಿದರೆ ಹಳ್ಳವಲ್ಲವೆ? ಫೆಬ್ರವರಿ 25ರ ರಾತ್ರಿಯ ಹೊತ್ತಿಗೆ ಆ ಯಂತ್ರವು ಬಿಡುವಿಲ್ಲದೆ ನಡೆದು ಸುಮಾರು 100 ಗಂಟೆಗಳಾಗಿದ್ದವು. ಎಣಿಕೆ 36 ಲಕ್ಷಕ್ಕೆ ಏರಿತ್ತು; ಕೊರತೆ 0.34 ಸೆಕೆಂಡಿಗೆ ಬೆಳೆದಿತ್ತು. ಇರಾಕಿನ ಸ್ಕಡ್ ಕ್ಷಿಪಣಿಯು ಒಂದು ಸೆಕೆಂಡಿನಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹಾರುವಂಥದು. ಯಂತ್ರವು ಅದನ್ನು ಅರ್ಧ ಕಿಲೋಮೀಟರಿಗೂ ಹೆಚ್ಚು ತಪ್ಪಿದ ಎಡೆಯಲ್ಲಿ ಅರಸಿತು, ಕಾಣದೆ ಸುಮ್ಮನಾಯಿತು. ಪ್ರತಿಕ್ಷಿಪಣಿ ಹಾರಲೇ ಇಲ್ಲ. ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಸ್ಕಡ್ ಬಿದ್ದು 28 ಮಂದಿ ಪ್ರಾಣ ಕಳೆದುಕೊಂಡರು.

ಈ ದೋಷವು ಅಜ್ಞಾತವಾಗಿರಲಿಲ್ಲ. ಯಂತ್ರವನ್ನು ಬಹಳ ಹೊತ್ತು ನಡೆಸಿದರೆ ಗುರಿ ತಪ್ಪಬಹುದೆಂಬ ಎಚ್ಚರಿಕೆ ನಾಲ್ಕು ದಿನಗಳ ಹಿಂದೆಯೇ ಹೊರಟಿತ್ತು. ಆದರೆ 'ಬಹಳ ಹೊತ್ತು' ಎಂದರೆ ಎಷ್ಟು ಗಂಟೆಯೆಂದು ಅದರಲ್ಲಿ ಹೇಳಿರಲಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದ್ದರೆ ಎಣಿಕೆ ಸೊನ್ನೆಯಿಂದ ಮೊದಲಾಗಿ ಕೊರತೆಯೂ ಅಳಿಯುತ್ತಿತ್ತು. ತಿದ್ದಿದ ಕ್ರಮವಿಧಿ ಧಹ್ರಾನನ್ನು ತಲುಪಿದ್ದು ದುರಂತದ ಮರುದಿನ, ಫೆಬ್ರವರಿ 26ರಂದು.

ಗಣಕಕ್ಕೆ ಕ್ರಮವಿಧಿ ಬರೆಯುವವನು ಕೈಬಿಟ್ಟ ಅಂಶವು ಎಷ್ಟು ಚಿಕ್ಕದೆಂದು ನೋಡಿದರೆ ಸಾಲದು. ಅದು ಎಷ್ಟು ಸಲ ಕೂಡುತ್ತ ಹೋಗುವುದೆಂದೂ ಲೆಕ್ಕ ಹಾಕಬೇಕು.