ಬೆಟ್ಟ ಹತ್ತುವಾಗ ಮದ್ರಾಸು, ಇಳಿಯುವಾಗ ಮೈಸೂರು

ಪ್ರಶ್ನೆ: ಮಗಳ ರಾಜ್ಯೋತ್ಸವದ ಭಾಷಣಕ್ಕೆ ಹುಡುಕುತ್ತಿದ್ದಾಗ ಕೇರಳ, ಮಧ್ಯಪ್ರದೇಶ, ಹರಿಯಾಣ, ಛತ್ತೀಸಗಡಗಳೂ ನವೆಂಬರ್ 1ರಂದೇ ಹುಟ್ಟಿದವೆಂದು ತಿಳಿಯಿತು. ಲಿಸ್ಬನ್ ನಗರದ ಮಹಾ ಭೂಕಂಪವೂ ಅದೇ ದಿನವಂತೆ. ಇಷ್ಟೆಲ್ಲ ಒಂದೇ ತಾರೀಖಿಗೆ ಬಂದದ್ದು ಕಾಕತಾಳೀಯವೇ? ನಮ್ಮ ಸೀಮೆಯಲ್ಲಿ ಆ ದಿನ ಏನಾದರೂ ನಡೆಯಿತೇ?
— ಓದುಗರೊಬ್ಬರು, ಕವಲಂದೆ, ನಂಜನಗೂಡು ತಾಲ್ಲೂಕು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉತ್ತರ ನಿಮ್ಮ ಊರಿನ ಮಗ್ಗುಲಲ್ಲೇ ಇದೆ.

ಕವಲಂದೆಯಿಂದ ಮೂಡಲಿಗೆ ಹೊರಟು ಸಂತೇಮರಹಳ್ಳಿ, ಯಳಂದೂರು ದಾಟಿದರೆ ಕೊಳ್ಳೇಗಾಲ. ಈಗ ಅದು ನೆರೆಯ ಚಾಮರಾಜನಗರ ಜಿಲ್ಲೆಯ ಪೇಟೆ. ಆದರೆ 1956ರ ಅಕ್ಟೋಬರ್ 31ರವರೆಗೆ ಅದು ಬೇರೆ ರಾಜ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ರಾಜ್ಯವನ್ನು ಪಾಲು ಮಾಡಿದರು. ನಂಜನಗೂಡು ಮೈಸೂರು ಒಡೆಯರ ಪಾಲಿಗೆ ಉಳಿಯಿತು; ಕೊಳ್ಳೇಗಾಲ ಕೊಯಮತ್ತೂರಿನ ಜೊತೆ ಕಂಪನಿ ಸರ್ಕಾರಕ್ಕೆ ಹೋಯಿತು. ಆಡುವ ಮಾತು ಒಂದೇ, ನಂಟಸ್ತಿಕೆ ಒಂದೇ, ಪೂಜಿಸುವ ದೇವರೂ ಒಬ್ಬನೇ. ಆದರೂ 157 ವರ್ಷ ನಡುವೆ ಗಡಿ ಇತ್ತು.

ಆ ದೇವರು ಯಾರೆಂದು ನಿಮಗೆ ಹೇಳಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟ ಆಗ ಕೊಳ್ಳೇಗಾಲ ತಾಲ್ಲೂಕಿಗೆ, ಅಂದರೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಿಮ್ಮ ಕಡೆಯ ಮಾದಪ್ಪನ ಒಕ್ಕಲು ‘ಉಘೇ ಮಾದಪ್ಪ’ ಎನ್ನುತ್ತ ಬೆಟ್ಟಕ್ಕೆ ಹೋದಾಗಲೆಲ್ಲ ಮೈಸೂರು ದಾಟಿ ಮದ್ರಾಸಿಗೆ ಕಾಲಿಡಬೇಕಿತ್ತು.

1956ರಲ್ಲಿ ದೀಪಾವಳಿಯ ಅಮಾವಾಸ್ಯೆ ಬಂದದ್ದು ನವೆಂಬರ್ 2, ಶುಕ್ರವಾರ. ದೀಪಾವಳಿ ಜಾತ್ರೆಯೆಂದರೆ ಜನ ಎರಡು ದಿನ ಮುಂಚೆಯೇ ಬೆಟ್ಟ ಸೇರುತ್ತಾರೆ. ಬುಧವಾರ ಅಲ್ಲಿ ಮಲಗಿದ ಒಕ್ಕಲು ಮಲಗಿದ್ದು ಮದ್ರಾಸ್ ರಾಜ್ಯದ ನೆಲದ ಮೇಲೆ. ಗುರುವಾರ, ನವೆಂಬರ್ 1ರ ಬೆಳಿಗ್ಗೆ ಎದ್ದದ್ದು ಮೈಸೂರು ರಾಜ್ಯದಲ್ಲಿ. ಯಾರೂ ಒಂದು ಹೆಜ್ಜೆ ಕದಲಲಿಲ್ಲ. ಕಾಲಡಿಯ ನೆಲವೇ ರಾಜ್ಯ ಬದಲಿಸಿತು. ಬೆಟ್ಟ ಇಳಿದು ಊರಿಗೆ ಮರಳುವಾಗ ದಾಟಲು ಗಡಿಯೇ ಇರಲಿಲ್ಲ. ನಿಮ್ಮ ಮಗಳ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ.

ಇನ್ನು ಕಾಕತಾಳೀಯದ ಮಾತು. ನೀವು ಹೆಸರಿಸಿದ ಘಟನೆಗಳನ್ನು ಒಂದೇ ರಾಶಿಗೆ ಸುರಿಯಬಾರದು, ಮೂರು ಗುಂಪು ಮಾಡಿಕೊಳ್ಳಬೇಕು.

ಮೊದಲನೆಯದು ಬರೀ ಕಾಕತಾಳೀಯ. ಲಿಸ್ಬನ್ ನಡುಗಿದ್ದು 1755ರ ನವೆಂಬರ್ 1ರಂದು. ಕಂಪನಿಯ ಆಳ್ವಿಕೆ ಮುಗಿಯಿತೆಂದು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಅಲಹಾಬಾದಿನಲ್ಲಿ ಓದಿದ್ದು 1858ರ ನವೆಂಬರ್ 1ರಂದು. ಒಂದಕ್ಕೊಂದು ನಂಟಿಲ್ಲ. ವರ್ಷಕ್ಕಿರುವುದು 366 ಮನೆ ಮಾತ್ರ. ಸಾವಿರಾರು ವರ್ಷಗಳ ಚರಿತ್ರೆಯೆಲ್ಲ ಅಷ್ಟರೊಳಗೇ ಹಿಡಿಯಬೇಕು. ಯಾವ ತಾರೀಖನ್ನು ತೆಗೆದರೂ ಒಂದು ಯುದ್ಧ, ಒಂದು ಪಟ್ಟಾಭಿಷೇಕ ಸಿಕ್ಕೇ ಸಿಗುತ್ತದೆ. ನಮ್ಮ ನಾಡಿನಲ್ಲಿ ಮನ ಕಲಕುವ ಕಾಕತಾಳೀಯವೆಂದರೆ ಸಂಗೊಳ್ಳಿ ರಾಯಣ್ಣನದು. ಅವನ ಹುಟ್ಟಿದ ದಿನವೆಂದು ನಾಡು ಆಚರಿಸುವುದು ಆಗಸ್ಟ್ 15. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26. ಸ್ವಾತಂತ್ರ್ಯದ ದಿನ ಗೊತ್ತುಮಾಡಿದ ಮೌಂಟ್‌ಬ್ಯಾಟನ್ ಮನಸ್ಸಿನಲ್ಲಿದ್ದದ್ದು 1945ರಲ್ಲಿ ಜಪಾನ್ ಶರಣಾದ ದಿನ. ಗಣರಾಜ್ಯಕ್ಕೆ ಜನವರಿ 26 ಆಯ್ದದ್ದು 1930ರ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ನೆನಪಿಗೆ. ರಾಯಣ್ಣನ ಹೆಸರು ಎರಡು ಲೆಕ್ಕದಲ್ಲೂ ಇರಲಿಲ್ಲ. ಇಷ್ಟು ತಿಳಿದ ಮೇಲೂ ಆ ಎರಡು ದಿನಗಳಂದು ಅವನನ್ನು ನೆನೆಯುವಾಗ ನನ್ನ ಎದೆ ತುಂಬಿ ಬರುತ್ತದೆ.

ಎರಡನೆಯ ಗುಂಪಿನಲ್ಲಿ ಬೇರು ಒಂದೇ, ಕವಲು ಹಲವು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ನವೆಂಬರ್ 1 ಎಂದು ದಿನ ಗೊತ್ತುಮಾಡಿತು. ಕೇರಳ, ಆಂಧ್ರಪ್ರದೇಶ, ಹೊಸ ಮಧ್ಯಪ್ರದೇಶ, ಹೊಸ ಮೈಸೂರು ಎಲ್ಲವೂ ಆ ಒಂದೇ ಕಾಯಿದೆಯ ಮಕ್ಕಳು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹರಿದುಹೋಗಿದ್ದ ಕನ್ನಡದ ಸೀಮೆಗಳು ಹಳೆಯ ಮೈಸೂರಿನೊಡನೆ ಕೂಡಿ 19 ಜಿಲ್ಲೆಗಳ ರಾಜ್ಯವಾದವು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು, ಜಯಚಾಮರಾಜೇಂದ್ರ ಒಡೆಯರು ರಾಜ್ಯಪಾಲರಾದರು.

ಅದೇ ಕಾಯಿದೆ, ಅದೇ ಗುರುವಾರ, ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು ಎಂಬುದನ್ನು ಮರೆಯಲಾಗದು. ಕೊಳ್ಳೇಗಾಲವೂ ಕಾಸರಗೋಡೂ ಅಲ್ಲಿಯತನಕ ಮದ್ರಾಸ್ ರಾಜ್ಯದಲ್ಲೇ ಇದ್ದವು. ಒಂದು ಕನ್ನಡನಾಡಿಗೆ ಬಂತು, ಇನ್ನೊಂದು ಹೊರಗುಳಿಯಿತು. ಚಂದ್ರಗಿರಿ ನದಿಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಕೈಗೂಡಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅದಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿದರು. ನಿಮ್ಮ ಸೀಮೆಗೆ ಹಬ್ಬ ತಂದ ಬೆಳಗು ಅವರ ಸೀಮೆಗೆ ಅಗಲಿಕೆ ತಂದಿತು. ಒಂದು ತಾರೀಖಿನಲ್ಲಿ ಎಷ್ಟು ಘಟನೆಗಳಿವೆ ಎಂದು ಎಣಿಸುವುದಕ್ಕಿಂತ, ಆ ದಿನ ಯಾರು ಎಲ್ಲಿ ನಿಂತಿದ್ದರು ಎಂದು ಕೇಳುವುದು ಮುಖ್ಯ ಎನ್ನುವುದು ಇದಕ್ಕೇ.

ಮೂರನೆಯದು, ಹಳೆಯ ದಿನವನ್ನು ಬೇಕೆಂದೇ ಹಿಡಿದದ್ದು. 1973ರಲ್ಲಿ, ನಿಮ್ಮ ಜಿಲ್ಲೆಯವರೇ ಆದ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ನವೆಂಬರ್ 1ರಂದೇ. ಇಂಗ್ಲಿಷಿನಲ್ಲೂ ಮೈಸೂರು, ಬೆಂಗಳೂರು ಎಂದೇ ಬರೆಯಲು ಶುರುವಾದದ್ದು 2014ರ ನವೆಂಬರ್ 1ರಿಂದ. ಇದು ಕಾಕತಾಳೀಯವಲ್ಲ, ಹಿರಿಯರ ನೆನಪಿನ ದಿನವೇ ಮನೆಯ ಶುಭಕಾರ್ಯ ಇಟ್ಟುಕೊಳ್ಳುವಂಥ ರೂಢಿ.

ಇನ್ನೊಂದು ಮಾತು. ‘ಒಂದೇ ದಿನ’ ಎನ್ನುವುದು ನಾವು ಹಿಡಿದ ಲೆಕ್ಕಕ್ಕೆ ಕಟ್ಟುಬಿದ್ದದ್ದು. ಹರಿಯಾಣ ಹುಟ್ಟಿದ್ದು 1966ರ ನವೆಂಬರ್ 1. ಆ ವರ್ಷ ದೀಪಾವಳಿಯ ಅಮಾವಾಸ್ಯೆ ಬಂದದ್ದು ನವೆಂಬರ್ 12ಕ್ಕೆ. ಪಂಚಾಂಗದ ತಿಥಿ ಹಿಡಿದರೆ ಕರ್ನಾಟಕ, ಹರಿಯಾಣಗಳ ಹುಟ್ಟುಹಬ್ಬ ಬೇರೆ ಬೇರೆ.

ನಿಮ್ಮಲ್ಲಿ ಒಂದು ಕೋರಿಕೆ. 1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಭಾಷಣ ಬರೆಯುವ ಮೊದಲು ಮಗಳನ್ನು ಅಂಥ ಅಜ್ಜಿಯೊಬ್ಬರ ಜಗಲಿಗೆ ಕರೆದೊಯ್ಯಿರಿ. ‘ರಾಜ್ಯೋತ್ಸವ’ ಎಂದು ಕೇಳಿದರೆ ಅವರಿಗೆ ನೆನಪಾಗದಿರಬಹುದು. ‘ಅಜ್ಜಿ, ಆ ವರ್ಷದ ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಿಮ್ಮ ಮನೆಯಿಂದ ಯಾರು ಹೋಗಿದ್ದರು?’ ಎಂದು ಕೇಳಲಿ.