ಮೊದಲ ನಂಬರ್ ಕೂಗುವ ಮುನ್ನ

ಪ್ರಶ್ನೆ: ನಾವು ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. ಈ ದೀಪಾವಳಿಗೆ ನಮ್ಮ ಕನ್ನಡ ಬಳಗದವರು ಶಾಲೆಯೊಂದರ ಹಾಲ್ ಹಿಡಿದು ಹೌಸಿ ಆಡಿಸಿ, ಬಂದ ಹಣವನ್ನು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕೊಡಬೇಕೆಂದಿದ್ದೇವೆ. 120 ಜನ ಬರಬಹುದು. ಟಿಕೆಟ್‌ಗೆ 10 ಪೌಂಡ್. ಊರಲ್ಲಿ ಮಾಡುತ್ತಿದ್ದ ಹಾಗೆ ಕೂಡಿದ ಹಣದಲ್ಲಿ ಅರ್ಧ ಬಹುಮಾನಕ್ಕೆ, ಅರ್ಧ ದಾನಕ್ಕೆ. ಖಜಾಂಚಿ ನಾನು. ಲೈಸೆನ್ಸ್ ಇಲ್ಲದೆ ಆಡಿಸಿದರೆ ಕೇಸಾಗುತ್ತದೆ ಎಂದು ಒಬ್ಬರು ಹೆದರಿಸಿದ್ದಾರೆ. ಊರಿಂದ ಬಂದಿರುವ ಅತ್ತೆಯವರು ‘ಜೂಜಿನ ದುಡ್ಡು ಕಾಯಿಲೆ ಮಕ್ಕಳಿಗಾ?’ ಅಂದುಬಿಟ್ಟರು. ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ

ಉತ್ತರ: ಸೋದರಿ, ನಿದ್ದೆ ಮಾಡಿ. ನಿಮ್ಮ ಆಟಕ್ಕೆ ಲೈಸೆನ್ಸ್ ಬೇಕಾಗಿಲ್ಲ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗೆ ಅನ್ವಯಿಸುವ 2005ರ ಜೂಜು ಕಾಯ್ದೆಯೇ ಯಾರೂ ಸ್ವಂತಕ್ಕೆ ಲಾಭ ಮಾಡಿಕೊಳ್ಳದ ಇಂಥ ಆಟಗಳಿಗೆ ವಿನಾಯಿತಿ ಕೊಟ್ಟಿದೆ. (ಉತ್ತರ ಐರ್ಲೆಂಡಿನದು ಬೇರೆ ಕಾನೂನು. ಬೆಲ್‌ಫಾಸ್ಟ್‌ನ ಓದುಗರು ಇದನ್ನು ನಂಬಿ ಹೊರಡಬೇಡಿ.)

ಆದರೆ ನೀವು ಹಾಕಿಕೊಂಡಿರುವ ಲೆಕ್ಕ ಹಾಗೇ ನಡೆಯುವುದಿಲ್ಲ. ಕೂಡಿದ ದುಡ್ಡಿನಿಂದಲೇ ಬಹುಮಾನ ಕೊಡುವ ಆಟಕ್ಕೆ ಅಲ್ಲಿ ಎರಡು ಮಿತಿಗಳಿವೆ. ಒಬ್ಬ ಆಟಗಾರ ಇಡೀ ದಿನಕ್ಕೆ 8 ಪೌಂಡ್‌ಗಿಂತ ಹೆಚ್ಚು ಕೊಡುವಂತಿಲ್ಲ. ಪ್ರವೇಶಧನವೂ ಅದರಲ್ಲೇ ಸೇರಿತು. ಎಲ್ಲ ಆಟಗಳ ಬಹುಮಾನ ಸೇರಿ 600 ಪೌಂಡ್ ದಾಟುವಂತಿಲ್ಲ. ನಿಮ್ಮ ಮೊದಲ ಟಿಕೆಟ್ಟೇ ಮಿತಿ ಮೀರಿದೆ. ಇನ್ನು ‘ನನಗೆರಡು ಕೊಡಿ’ ಅನ್ನುವವರು ನಾಲ್ಕು ಜನ ಬಂದರಂತೂ ಬಹುಮಾನದ ಮೊತ್ತವೂ 600 ದಾಟುತ್ತದೆ.

ನನ್ನ ಸಲಹೆ, ಇನ್ನೊಂದು ದಾರಿ ಹಿಡಿಯಿರಿ. ಬಹುಮಾನಗಳನ್ನು ಮೊದಲೇ ನಿಗದಿ ಮಾಡಿ ಪ್ರಕಟಿಸಿ: ಅರ್ಲಿ ಫೈವ್‌ಗೆ ಸಿಹಿ ಡಬ್ಬಿ, ಸಾಲಿಗೊಂದು ಪ್ರೆಷರ್ ಕುಕ್ಕರ್, ಫುಲ್ ಹೌಸ್‌ಗೆ ರೇಷ್ಮೆ ಸೀರೆ. ಎಷ್ಟು ಜನ ಬಂದರು, ಎಷ್ಟು ಹಣ ಕೂಡಿತು ಎಂಬುದಕ್ಕೂ ಬಹುಮಾನಕ್ಕೂ ಸಂಬಂಧ ಇರಬಾರದು. ಆಗ ಆ 8 ಮತ್ತು 600ರ ಮಿತಿಗಳು ನಿಮಗೆ ಅನ್ವಯಿಸುವುದಿಲ್ಲ. ಟಿಕೆಟ್ 10 ಪೌಂಡ್ ಇಡಬಹುದು. ಆದರೆ ಮಳೆ ಬಂದು ಬರೀ ನಲವತ್ತು ಜನ ಸೇರಿದರೂ ಹೇಳಿದ ಸೀರೆ ಕೊಡಲೇಬೇಕು. ‘ಇವತ್ತು ಜನ ಕಮ್ಮಿ, ಕುಕ್ಕರ್ ಇಲ್ಲ’ ಅನ್ನುವಂತಿಲ್ಲ. ಅದಕ್ಕೇ ಬಹುಮಾನಗಳನ್ನು ಅಂಗಡಿಯವರಿಂದಲೋ ಸದಸ್ಯರಿಂದಲೋ ದಾನವಾಗಿ ಕೇಳಿ ಪಡೆದುಕೊಳ್ಳಿ. ಖಜಾಂಚಿಯ ಎದೆಬಡಿತ ಅರ್ಧ ಇಳಿಯುತ್ತದೆ.

ಯಾವ ದಾರಿ ಹಿಡಿದರೂ ಹಣ ಎಲ್ಲಿಗೆ ಹೋಗುತ್ತದೆಂದು ಆಡುವವರಿಗೆ ಹೇಳಿರಬೇಕು. ‘ಒಳ್ಳೆಯ ಕೆಲಸಕ್ಕೆ’ ಎಂದರೆ ಸಾಲದು. ಆಸ್ಪತ್ರೆ, ವಾರ್ಡು ಹೆಸರಿಸಿ. ಟಿಕೆಟ್ ಮೇಲೆಯೇ ಅಚ್ಚು ಹಾಕಿಸಿ. ಮೂರು ಸಾಲು, ಹದಿನೈದು ಅಂಕಿಗಳ ಆ ಚೀಟಿಯ ಕೆಳಗೆ ಒಂದು ವಾಕ್ಯಕ್ಕೆ ಜಾಗ ಇದ್ದೇ ಇರುತ್ತದೆ. ಹಾಲ್ ಬಾಡಿಗೆ, ಟಿಕೆಟ್ ಅಚ್ಚು, ಬಹುಮಾನದಂಥ ನ್ಯಾಯವಾದ ಖರ್ಚುಗಳನ್ನು ಕಳೆದುಕೊಳ್ಳಬಹುದು, ಉಳಿದದ್ದೆಲ್ಲ ವಾರ್ಡಿಗೆ. ನಂಬರ್ ಕೂಗುವವರೋ ಮೈಕಿನವರೋ ‘ಕೂಡಿದ್ದರಲ್ಲಿ ನನಗಿಷ್ಟು ಪಾಲು’ ಅಂದರೆ ಒಪ್ಪಬೇಡಿ. ನಿಗದಿತ ಬಾಡಿಗೆ ಖರ್ಚಾಗುತ್ತದೆ, ಪಾಲು ಸ್ವಂತ ಲಾಭವಾಗುತ್ತದೆ. ಹೊರಗಿನವರು ತಾವೇ ಬಂದು ದೋಸೆ ಮಾರಿದರೆ ಆ ಹಣ ಅವರದು; ಅದನ್ನು ನಿಮ್ಮ ಪುಸ್ತಕಕ್ಕೆ ತರಬೇಡಿ.

ಊರಲ್ಲಿರುವ ನೆಂಟರು ಜೂಮ್‌ನಲ್ಲಿ ಆಡುತ್ತೇವೆಂದು ಕೇಳಬಹುದು. ಬೇಡ ಅನ್ನಿ. ಈ ವಿನಾಯಿತಿ ಇರುವುದು ಎದುರುಬದುರು ಕೂತು ಆಡುವ ಆಟಕ್ಕೆ, ಆನ್‌ಲೈನ್‌ಗಲ್ಲ. ಹಾಗೆಯೇ ಇದನ್ನು ಓದಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದುಡ್ಡಿಟ್ಟು ಹೌಸಿ ಆಡಿಸಲು ಯಾರೂ ಹೊರಡಬಾರದು. ಅಲ್ಲಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಅದರ ದಾರಿಯೇ ಬೇರೆ.

ಇನ್ನು ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ. ಇಸ್ಪೀಟಿನಿಂದ ಹೊಲ, ಮನೆ ಕಳೆದುಕೊಂಡವರನ್ನು ಕಣ್ಣಾರೆ ಕಂಡ ತಲೆಮಾರು ಅದು. ಅವರ ಭಯ ಆ ಕಾನೂನಿಗೂ ಇದೆ ಎಂದೇ ನನಗನ್ನಿಸುತ್ತದೆ. ಇಲ್ಲದಿದ್ದರೆ 8 ಪೌಂಡ್‌ನ ಗೆರೆ ಯಾಕೆ ಎಳೆಯುತ್ತಿತ್ತು? ಅವರನ್ನು ಪಕ್ಕ ಕೂರಿಸಿಕೊಂಡು ಈ ಮಿತಿಗಳನ್ನು ಓದಿ ಹೇಳಿ. ಸಮಿತಿಯಲ್ಲೂ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಒಬ್ಬರಿಗೆ ಎರಡೇ ಟಿಕೆಟ್. ಇದು ಕಾನೂನಲ್ಲ, ನನ್ನ ಕೋರಿಕೆ. ಸೋತ ಹಟದಲ್ಲಿ ಐದು, ಆರು ಕೊಳ್ಳುವವರು ಎಲ್ಲ ಬಳಗದಲ್ಲೂ ಒಬ್ಬರಿರುತ್ತಾರೆ. ಅವರ ಹೆಂಡತಿ ಮಕ್ಕಳೂ ಅದೇ ಹಾಲ್‌ನಲ್ಲಿ ಕೂತಿರುತ್ತಾರೆ.

ಆ ರಾತ್ರಿಯೇ ಇನ್ನಿಬ್ಬರನ್ನು ಜೊತೆಗಿಟ್ಟುಕೊಂಡು ಹಣ ಎಣಿಸಿ, ಮೂವರೂ ಸಹಿ ಹಾಕಿ. ಆಸ್ಪತ್ರೆಯ ರಸೀದಿ ಬಂದ ದಿನ ಬಳಗದ ಎಲ್ಲರಿಗೂ ಕಳಿಸಿ, ಅತ್ತೆಯವರಿಗೆ ನೀವೇ ಕೈಗೆ ಕೊಟ್ಟು ಓದಿ ಹೇಳಿ.